ಕರೆದರೆ ಬರುವ ಕೆಂಪಿ

"ಕೆಂಪಿ ಎಲ್ಲೈತಿ? ಹೇಳು ನಂದಾ. ನಿನಗ ಗೊತ್ತೈತಿ."

ಬಾಬಣ್ಣ ಕಾಕಾನ ಕೈಯಲ್ಲಿ ಬಡಿಗೆ ಇತ್ತು. ಅವನ ಹಿಂದೆ ನಿಂತಿದ್ದ ಇಬ್ಬರ ಕೈಯಲ್ಲೂ ಇತ್ತು. ಒಬ್ಬನ ಹೆಗಲ ಮೇಲೆ ಹಗ್ಗದ ಸುರುಳಿ ಬೇರೆ.

ಮಹಾನಂದಾ ಶಾಲೆಯ ಯೂನಿಫಾರ್ಮಿನಲ್ಲೇ ಹೊಸ್ತಿಲ ಮೇಲೆ ನಿಂತಿದ್ದಳು. "ಗೊತ್ತಿಲ್ಲ ಕಾಕಾ," ಎಂದಳು.

ಇಳಕಲ್ಲಿನ ಆ ಓಣಿಯಲ್ಲಿ ಬೆಳಗಾದರೆ ಸಾಕು, ಮನೆಮನೆಯಿಂದ ಮಗ್ಗದ ಖಟ್ ಖಟ್ ಸದ್ದು ಶುರುವಾಗುತ್ತಿತ್ತು. ಇವತ್ತು ಒಂದು ಮಗ್ಗವೂ ಆಡುತ್ತಿರಲಿಲ್ಲ. ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಿದ್ದರು. ಓಣಿಗೆ ಹುಚ್ಚು ನಾಯಿ ಬಂದಿದೆ ಎಂದು ಸುದ್ದಿಯಾಗಿತ್ತು.

ಆ ಹುಚ್ಚು ನಾಯಿ ಬೇರೆ ಯಾವುದೂ ಅಲ್ಲ, ಕೆಂಪಿ. ಹುಟ್ಟಿದಾಗಿನಿಂದ ಇದೇ ಓಣಿಯಲ್ಲಿ ಬೆಳೆದದ್ದು. ಅರ್ಧ ತಾಸಿನ ಹಿಂದೆ ಅದು ಮಹಾನಂದಾಳ ತಮ್ಮ ಶಂಭುವಿನ ಕೈ ಕಚ್ಚಿತ್ತು. ಶಂಭುವಿಗೆ ಐದು ವರ್ಷ. ಅವ್ವ ನಳದ ಕೆಳಗೆ ಅವನ ಕೈ ಹಿಡಿದು ಸೋಪು ಹಚ್ಚಿ ಹಚ್ಚಿ ತೊಳೆದಿದ್ದಳು. ಆಮೇಲೆ ಅವ್ವ ಅಪ್ಪ ಇಬ್ಬರೂ ಅವನನ್ನು ಆಟೋದಲ್ಲಿ ಕೂಡಿಸಿಕೊಂಡು ದವಾಖಾನೆಗೆ ಓಡಿದ್ದರು.

ಹೋಗುವ ಮುಂಚೆ ಅಪ್ಪ ಕೇಳಿದ್ದ: "ಸುಮ್ ಸುಮ್ನ ಬಂದು ಕಚ್ಚಿತೇನ?"

ಮಹಾನಂದಾ ಹೌದೆಂದು ತಲೆ ಆಡಿಸಿದ್ದಳು.

ಅದು ಸುಳ್ಳು.

ಕೆಂಪಿ ಮೂರು ಮರಿ ಹಾಕಿತ್ತು. ಒಂದರ ಹಣೆಯ ಮೇಲೆ ಚುಕ್ಕಿಯಂಥ ಬಿಳಿ ಮಚ್ಚೆ. "ನೀ ಬರೇ ಬಂಡಲ್ ಬಿಡ್ತಿ," ಎಂದು ಅದನ್ನು ಕೇಳಿ ಐದನೆಯ ತರಗತಿಯ ಗೆಳತಿ ಸುಮಾ ನಕ್ಕಿದ್ದಳು. ಅವಳಿಗೆ ತೋರಿಸಲೇಬೇಕೆಂದು ಮಹಾನಂದಾ ಬೆಳಿಗ್ಗೆ ಆ ಮರಿಯನ್ನು ಎತ್ತಿಕೊಂಡು ಬಂದು ಶಾಲೆಯ ಚೀಲದೊಳಗೆ ಹಾಕಿ ಜಿಪ್ ಎಳೆದಿದ್ದಳು. ಮಧ್ಯಾಹ್ನ ತಂದು ಬಿಟ್ಟರಾಯಿತು ಎಂದುಕೊಂಡಿದ್ದಳು. ಚೀಲವನ್ನು ಶಂಭುವಿನ ಕೈಗೆ ಕೊಟ್ಟು, "ಹಿಡಕೊಂಡಿರು, ಬಿಡಬ್ಯಾಡ," ಎಂದು ಹೇಳಿ ಟಿಫಿನ್ ಡಬ್ಬಿ ತರಲು ಒಳಗೆ ಹೋಗಿದ್ದಳು. ಚೀಲದೊಳಗಿಂದ ಮರಿ ಕುಂಯ್‌ಗುಟ್ಟಿತು. ಕೆಂಪಿ ಬಂತು. ಚೀಲ ಹಿಡಿದು ಜಗ್ಗಿತು. ಶಂಭು ಬಿಡಲಿಲ್ಲ, ಅಕ್ಕ ಬಿಡಬೇಡ ಎಂದಿದ್ದಳಲ್ಲ. ಕಾಲಿನಿಂದ ಒದ್ದ.

ಅವನ ಚೀರಾಟ ಕೇಳಿ ಮೊದಲು ಓಡಿ ಬಂದವಳು ಮಹಾನಂದಾ. ಯಾರೂ ನೋಡುವ ಮುಂಚೆ ಜಿಪ್ ತೆಗೆದು ಮರಿಯನ್ನು ಕೆಳಗೆ ಬಿಟ್ಟಳು. ಕೆಂಪಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಹಿತ್ತಿಲ ಕಡೆ ಮಾಯವಾಯಿತು. "ಯಾರ ಮುಂದೂ ಹೇಳಬ್ಯಾಡ," ಎಂದು ಅವಳು ತಮ್ಮನ ಕಿವಿಯಲ್ಲಿ ಹೇಳುವಷ್ಟರಲ್ಲಿ ಅವ್ವ ಹೊರಗೆ ಬಂದಿದ್ದಳು.

"ನಂದಾ, ಇಲ್ಲಿ ನೋಡು." ಬಾಬಣ್ಣ ಕಾಕಾ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಓಣಿಯ ತುದಿಯಲ್ಲಿ ಅವನದೊಂದು ಎಸ್‌ಟಿಡಿ ಬೂತ್ ಇತ್ತು. ಮಕ್ಕಳನ್ನು ಎಂದೂ ಗದರಿದವನಲ್ಲ. ಇವತ್ತು ಅವನ ಹಣೆ ಬೆವರಿತ್ತು. "ನನ್ನ ತಂಗೀ ಮಗಗ ಹಿಂಗ ಹುಚ್ಚು ನಾಯಿ ಕಚ್ಚಿತ್ತು. ಸಣ್ಣ ಗಾಯ ಅಂತ ಎಲ್ಲಾರೂ ಸುಮ್ಮನಿದ್ವಿ. ಆಮ್ಯಾಲ ನೀರು ಕಂಡ್ರ ಹೆದರಾಕ ಹತ್ತಿದ. ಉಳೀಲಿಲ್ಲ ಅಂವ. ನಾ ಕಣ್ಣಾರೆ ನೋಡೇನಿ. ಇನ್ನೊಂದು ಕೂಸಿಗೆ ಹಂಗಾಗೋದು ಬ್ಯಾಡವ್ವಾ."

ಮಹಾನಂದಾ ನೆಲ ನೋಡಿದಳು.

"ನಾವು ಹೋದ್ರ ಓಡಿ ಹೋಗ್ತೈತಿ. ನೀ ಕರದ್ರ ಬರ್ತೈತಿ. ಒಂದೇ ಸಲ ಕರಿ, ಸಾಕು."

ಇಲ್ಲ ಎನ್ನಬೇಕು ಎಂದುಕೊಂಡಳು. ಯಾಕೆ ಇಲ್ಲ ಎಂದು ಕೇಳಿದರೆ? ಮರಿಯ ಮಾತು ಹೇಳಬೇಕಾಗುತ್ತದೆ. ಚೀಲದ ಮಾತು, ಶಂಭುವಿನ ಮಾತು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಅವಳ ಕಾಲು ತಾನಾಗಿಯೇ ನಡೆಯತೊಡಗಿತು.

ಹಿತ್ತಿಲ ಆಚೆ ಒಂದು ಹಾಳು ಮನೆ. ಮೊದಲು ಅಲ್ಲಿ ಮಗ್ಗವಿತ್ತಂತೆ. ಈಗ ಒಂದು ಕೋಣೆಗೆ ಮಾತ್ರ ಛಾವಣಿ, ಬಾಗಿಲು ಉಳಿದಿದ್ದವು. ಬಾಬಣ್ಣ ಕಾಕಾ ಮತ್ತು ಅವನ ಜೊತೆಯವರು ಮೋಟುಗೋಡೆಯ ಹಿಂದೆ ಬಗ್ಗಿ ನಿಂತರು. "ಕರದು ಬಾಜೂಕ ಸರದುಬಿಡು," ಎಂದು ಕಾಕಾ ಪಿಸುಗುಟ್ಟಿದ.

"ಕೆಂಪೀ..."

ಏನೂ ಅಲುಗಲಿಲ್ಲ. ಬರಬೇಡ, ಬರಬೇಡ ಎಂದು ಮಹಾನಂದಾ ಒಳಗೊಳಗೇ ಹೇಳಿಕೊಂಡಳು.

"ಜೋರಾಗಿ ಕರಿ," ಎಂದಿತು ಗೋಡೆಯ ಹಿಂದಿನ ದನಿ.

"ಕೆಂಪೀ! ಬಾ, ಬಾ!"

ಕೋಣೆಯ ಕತ್ತಲೆಯಿಂದ ಮೊದಲು ಎರಡು ಕಿವಿ ಕಂಡವು. ಆಮೇಲೆ ಕೆಂಪಿ ಹೊರಗೆ ಬಂತು. ನೇರವಾಗಿ ಬರಲಿಲ್ಲ. ಮೈ ಕುಗ್ಗಿಸಿಕೊಂಡು, ತಲೆ ತಗ್ಗಿಸಿ, ಬಾಲ ನೆಲಕ್ಕೆ ತಾಗುವಂತೆ ಅಲ್ಲಾಡಿಸುತ್ತ ಬಂತು. ತಪ್ಪು ಮಾಡಿದ್ದು ತಾನೇ ಎಂಬಂತೆ. ಬೆಳಿಗ್ಗೆಯಷ್ಟೇ ತನ್ನ ಮರಿಯನ್ನು ಕದ್ದವಳ ಹತ್ತಿರವೇ ಬಂತು.

ಮಹಾನಂದಾ ಪಕ್ಕಕ್ಕೆ ಸರಿಯಬೇಕಿತ್ತು. ಸರಿಯಲಿಲ್ಲ. ಗೋಡೆಯ ಮೇಲೆ ಬಡಿಗೆ ಎದ್ದದ್ದು ಕಂಡಿತು. ಅವಳು ತಿರುಗಿ, ಎರಡೂ ಕೈ ಅಗಲಿಸಿ, ಕೆಂಪಿಗೆ ಅಡ್ಡ ನಿಂತಳು.

"ಹೊಡೀಬ್ಯಾಡ್ರಿ!"

"ಸರಿ ಲೇ ಹುಚ್ಚಿ! ಕಚ್ತೈತಿ ಅದು!"

"ಅದಕ್ಕ ಹುಚ್ಚು ಹಿಡಿದಿಲ್ರಿ ಕಾಕಾ! ಅದರ ಮರಿ ನಾ ಕದ್ದಿದ್ದೆ! ಚೀಲದಾಗ ಹಾಕಿ ಶಂಭೂನ ಕೈಯಾಗ ಕೊಟ್ಟಿದ್ದೆ! ಮರಿ ಬಿಡಿಸಿಕೊಳ್ಳಾಕ ಬಂದು ಕಚ್ಚಿತು! ನಾ ಸುಳ್ಳು ಹೇಳಿದೆ!"

ಬಡಿಗೆ ಮೇಲೆಯೇ ನಿಂತಿತು. ಅವಳ ಕಾಲಿನ ಹಿಂದೆ ಕೆಂಪಿ ಏದುಸಿರು ಬಿಡುವ ಸದ್ದು ಮಾತ್ರ ಕೇಳುತ್ತಿತ್ತು.

"ಬಾಬಣ್ಣಾ, ಬಡಿಗಿ ಕೆಳಗ ಇಡಪಾ."

ದಸ್ತಗೀರಸಾಬ ಸೈಕಲ್ಲನ್ನು ಗೋಡೆಗೆ ಆನಿಸಿ ಬಂದ. ಪಕ್ಕದ ಓಣಿಯವನು. ದನದ ದವಾಖಾನೆಯಲ್ಲಿ ಕೆಲಸ. ಗಲಾಟೆ ಕೇಳಿ, ಡ್ಯೂಟಿಗೆ ಹೊರಟವನು ಇತ್ತ ತಿರುಗಿದ್ದ.

"ಕೊಂದು ಹಾಕಿದ್ರ ಹುಚ್ಚಿತ್ತೋ ಇಲ್ಲೋ ಹೆಂಗ ಗೊತ್ತಾಗಬೇಕು? ಆ ಹುಡುಗಗ ಹೊಟ್ಟಿಗೆ ಹದಿನಾಲ್ಕೂ ಇಂಜೆಕ್ಷನ್ ಮಾಡಬೇಕಾಗ್ತೈತಿ. ಕಟ್ಟಿಹಾಕ್ರಿ. ಹತ್ತು ದಿನ ನೋಡೂಣು. ಹುಚ್ಚಿದ್ರ ಅಷ್ಟರಾಗ ಗೊತ್ತಾಗ್ತೈತಿ. ಆರಾಮ ಇದ್ರ ಡಾಕ್ಟ್ರು ಇಂಜೆಕ್ಷನ್ ನಿಲ್ಲಸ್ತಾರ."

"ಮಾಮಾ, ಕೆಂಪಿಗೆ ಹುಚ್ಚಿಲ್ರಿ. ಮರಿ ಸಲುವಾಗಿ..."

"ಇರಬಹುದು ತಂಗಿ. ಆದ್ರ ಹತ್ತು ದಿನ ಆಗೋತನಕ ಇಲ್ಲ ಅನ್ನಾಕ ನನಗೂ ಬರಂಗಿಲ್ಲ, ನಿನಗೂ ಬರಂಗಿಲ್ಲ. ಈಗ ಮೆಲ್ಲಗ ಹಿಂದ ಸರಿ. ಅಲ್ಲೇ ನಿಂತು ಮಾತಾಡಸ್ತಿರು."

ಅವಳು ಮಾತಾಡಿಸುತ್ತಿದ್ದಳು. ದಸ್ತಗೀರಸಾಬ ದೂರದಿಂದ ಕುಣಿಕೆ ಎಸೆದ. ಅದು ಕೊರಳಿಗೆ ಬಿದ್ದು ಬಿಗಿಯಾಗುವಾಗಲೂ ಕೆಂಪಿ ನೋಡುತ್ತಿದ್ದುದು ಮಹಾನಂದಾಳನ್ನೇ.

ಮಧ್ಯಾಹ್ನ ಆಟೋ ಬಂತು. ಶಂಭು ಅವ್ವನ ಹೆಗಲ ಮೇಲೆ ಮಲಗಿದ್ದ. ಅಳು ನಿಂತಿದ್ದರೂ ಬಿಕ್ಕಳಿಕೆ ನಿಂತಿರಲಿಲ್ಲ. ಬಾಬಣ್ಣ ಕಾಕಾ ಹೇಳುವ ಮೊದಲೇ ಮಹಾನಂದಾ ಎಲ್ಲ ಹೇಳಿದಳು. ಅಪ್ಪ ಕೈ ಎತ್ತಿದ. ಹೊಡೆಯಲಿಲ್ಲ, ಒಳಗೆ ಹೋಗಿ ಮಗ್ಗದ ಮುಂದೆ ಕುಳಿತ. ಲಾಳಿ ಮುಟ್ಟಲೂ ಇಲ್ಲ. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅವ್ವ ಶಂಭುವಿನ ಗಲ್ಲ ಹಿಡಿದು ಮುಖ ಎತ್ತಿದಳು. "ಡಾಕ್ಟರಮ್ಮ ಎಷ್ಟು ಸಲ ಕೇಳಿದ್ರು, ಯಾಕ ಕಚ್ಚಿತು ಅಂತ. ಯಾಕ ಹೇಳಲಿಲ್ಲೋ ನೀ?"

ಶಂಭು ಅಕ್ಕನ ಕಡೆ ನೋಡಿದ. "ಅಕ್ಕ ಹೇಳಬ್ಯಾಡ ಅಂದಾಳ," ಎಂದ.

ಮಹಾನಂದಾ ಹಿತ್ತಿಲಿಗೆ ಓಡಿ ಹೋಗಿ, ಕಟ್ಟಿಗೆಯ ರಾಶಿಯ ಹಿಂದೆ ಕುಳಿತು ಬಹಳ ಹೊತ್ತು ಅತ್ತಳು.

ಮರುದಿನದಿಂದ ಶಂಭುವನ್ನು ದವಾಖಾನೆಗೆ ಕರೆದೊಯ್ಯುವಾಗ ಅವಳೂ ಹೋಗುತ್ತಿದ್ದಳು. ಸೂಜಿ ಕಂಡ ಕೂಡಲೇ ಅವನು ಅವಳ ಬೆರಳುಗಳನ್ನು ಹಿಂಡಿ ಹಿಡಿಯುತ್ತಿದ್ದ. ಬಂದ ಮೇಲೆ ಕೆಂಪಿಯ ಕೆಲಸ. ಕೆಂಪಿಯನ್ನು ಹಾಳು ಮನೆಯ ಕೋಣೆಯಲ್ಲಿ ಉದ್ದನೆಯ ಹಗ್ಗದಿಂದ ಕಟ್ಟಿಹಾಕಿದ್ದರು, ಮರಿಗಳೂ ಅದರ ಜೊತೆಗಿದ್ದವು. ಯಾರೂ ಒಳಗೆ ಹೋಗುವಂತಿಲ್ಲ, ಮುಟ್ಟುವಂತಿಲ್ಲ ಎಂದು ದಸ್ತಗೀರಸಾಬ ಕಟ್ಟಪ್ಪಣೆ ಮಾಡಿದ್ದ. ಬಾಗಿಲ ಕೆಳಗಿನ ದೊಡ್ಡ ಸಂದಿಯಲ್ಲಿ ರೊಟ್ಟಿ, ನೀರು ಇಟ್ಟು ಉದ್ದನೆಯ ಗಳದಿಂದ ಒಳಗೆ ತಳ್ಳಬೇಕು. ಕಿಟಕಿಯಿಂದ ನೋಡಬೇಕು. ಸಂಜೆ ಅವನಿಗೆ ವರದಿ ಒಪ್ಪಿಸಬೇಕು.

"ರೊಟ್ಟಿ ತಿಂತು. ನೀರು ಕುಡೀತು. ಮರಿಗೆ ಹಾಲು ಕುಡಿಸ್ತು."

"ಶಾಬ್ಬಾಸ್," ಎನ್ನುತ್ತಿದ್ದ ದಸ್ತಗೀರಸಾಬ.

ಐದನೆಯ ದಿನ ಕೆಂಪಿ ನೀರು ಕುಡಿಯಲಿಲ್ಲ.

ಮಹಾನಂದಾ ಕಿಟಕಿಯ ಸರಳು ಹಿಡಿದು ಕಾದಳು. ಕೆಂಪಿ ಬೋಗುಣಿಯ ಹತ್ತಿರ ಬಂತು, ಮೂತಿ ಚಾಚಿತು, ಥಟ್ಟನೆ ಹಿಂದೆ ಸರಿಯಿತು. ಮತ್ತೆ ಬಂತು. ಮತ್ತೆ ಸರಿಯಿತು.

"ಏನಾತು?" ಹಿಂದೆ ಬಾಬಣ್ಣ ಕಾಕಾ ನಿಂತಿದ್ದ. ಅವನೂ ದಿನಕ್ಕೆರಡು ಸಲ ಬಂದು ಇಣುಕಿ ಹೋಗುತ್ತಿದ್ದ. ಈಗ ನೋಡಿದವನೇ ಬಿಳಿಚಿಕೊಂಡ. "ನೀರಿಗೆ ಹೆದರಾಕ ಹತ್ತೈತಿ. ಹಿಂಗೇ, ಹಿಂಗೇ ಮಾಡಿದ್ದ ನನ್ನ ತಂಗೀ ಮಗ. ದಸ್ತಗೀರ ಎಲ್ಲಿ?"

"ಹಳ್ಳಿಗೆ ಹೋಗ್ಯಾರ. ಸಂಜೀಗೆ ಬರ್ತಾರ."

"ಸಂಜೀತನಕ ಯಾರು ಕಾಯ್ತಾರ? ಹಗ್ಗ ಹರಕೊಂಡು ಹೊರಗ ಬಂದ್ರ?" ಅವನು ದಡದಡ ಓಣಿಯ ಕಡೆ ನಡೆದ. ಯಾರನ್ನು ಕರೆಯಲು ಹೊರಟಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

ಕೆಂಪಿಗೆ ನಿಜವಾಗಿಯೂ ಹುಚ್ಚು ಹಿಡಿದಿದ್ದರೆ? ಹಾಗಾದರೆ ಶಂಭು? ಅವಳು ಕಣ್ಣೊರೆಸಿಕೊಳ್ಳಲು ಕೈಯನ್ನು ಮುಖದ ಹತ್ತಿರ ತಂದಳು. ಕೈ ಹುಳಿಹುಳಿ ವಾಸನೆ ಹೊಡೆಯಿತು.

ಬಣ್ಣದ ವಾಸನೆ!

ದಿನಾ ನೀರಿಡುತ್ತಿದ್ದ ಮಣ್ಣಿನ ಬಟ್ಟಲು ನಿನ್ನೆ ಒಡೆದಿತ್ತು. ಬೆಳಿಗ್ಗೆ ಅವಸರದಲ್ಲಿ ಹಿತ್ತಿಲಲ್ಲಿ ಕಂಡ ಬೋಗುಣಿಯಲ್ಲೇ ನೀರು ತಂದಿದ್ದಳು. ಅವ್ವ ನೂಲಿಗೆ ಬಣ್ಣ ಹಾಕುವ ಬೋಗುಣಿ ಅದು.

ಮಹಾನಂದಾ ಮನೆಗೆ ಓಡಿದಳು. ತನ್ನ ಊಟದ ತಾಟಿನ ತುಂಬ ನಳದ ನೀರು ಹಿಡಿದು, ಅರ್ಧ ಚೆಲ್ಲುತ್ತ ಓಡಿ ಬಂದಳು. ಅಷ್ಟರಲ್ಲಿ ಬಾಬಣ್ಣ ಕಾಕಾ ಇಬ್ಬರನ್ನು ಕರೆದುಕೊಂಡು ಬಂದಿದ್ದ.

"ಕಾಕಾ, ಒಂದು ನಿಮಿಷ! ನಿಮ್ಮ ಕಾಲಿಗೆ ಬೀಳ್ತೇನಿ, ಒಂದೇ ನಿಮಿಷ!"

ಗಳದಿಂದ ತಾಟನ್ನು ಒಳಗೆ ತಳ್ಳಿದಳು. ಎಲ್ಲರೂ ಕಿಟಕಿಗೆ ಮುತ್ತಿದರು. ಕೆಂಪಿ ತಾಟನ್ನು ನೋಡಿತು. ಎದ್ದು ಬಂತು. ಮೂಸಿತು. ನಿಂತಿತು.

ಆಮೇಲೆ ಲಪ ಲಪ ಲಪ ಎಂದು ಕುಡಿಯತೊಡಗಿತು. ತಾಟು ಖಾಲಿಯಾದ ಮೇಲೂ ತಳ ನೆಕ್ಕಿತು.

ಬಾಬಣ್ಣ ಕಾಕಾ ಗೋಡೆಗೆ ಒರಗಿ ಅಲ್ಲೇ ಕುಸಿದು ಕುಳಿತ. ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಇನ್ನೊಂದು ತಾಟು ತಾರವ್ವಾ," ಎಂದ. "ಭಾಳ ನೀರಡಿಸೈತಿ ಅದು."

ಹತ್ತನೆಯ ದಿನ ದಸ್ತಗೀರಸಾಬ ಬೆಳಿಗ್ಗೆಯೇ ಬಂದ. ಕಿಟಕಿಯಿಂದ ಬಹಳ ಹೊತ್ತು ನೋಡಿದ. ಕೆಂಪಿ ಗೋಡೆಗೆ ಮೈ ತಿಕ್ಕುತ್ತಿತ್ತು. ಹಣೆಚುಕ್ಕಿಯ ಮರಿ ಅದರ ಬಾಲ ಹಿಡಿದು ಜಗ್ಗುತ್ತಿತ್ತು. "ನನಗಿಂತ ಗಟ್ಟಿ ಐತಿ," ಎಂದ. ಅವನ ಮಾತು ಕೇಳಿಕೊಂಡು ಅಪ್ಪ ದವಾಖಾನೆಗೆ ಹೋಗಿ ಬಂದ. ಇನ್ನು ಇಂಜೆಕ್ಷನ್ ಸಾಕು ಎಂದಿದ್ದರು ಡಾಕ್ಟರಮ್ಮ. ಶಂಭು ಅಂಗಿ ಎತ್ತಿ ಹೊಟ್ಟೆ ತೋರಿಸುತ್ತ ಇಡೀ ಓಣಿಗೆ ಆ ಸುದ್ದಿ ಮುಟ್ಟಿಸಿದ. ಮನೆಯೊಳಗೆ ಅಪ್ಪನ ಮಗ್ಗ ಖಟ್ ಖಟ್ ಎನ್ನತೊಡಗಿತು.

ದಸ್ತಗೀರಸಾಬ ಹಗ್ಗ ಬಿಚ್ಚಿದ. ಕೆಂಪಿ ಹೊರಗೆ ಬಂದು ಮೈ ಕೊಡವಿತು. ಯಾರ ಕಡೆಗೂ ನೋಡದೆ ಬೇವಿನ ಮರದ ನೆರಳಿಗೆ ಹೋಗಿ ಬಿದ್ದುಕೊಂಡಿತು. ಮರಿಗಳು ಉರುಳುತ್ತ ಅದರ ಹಿಂದೆ ಹೋದವು.

ಅವ್ವ ಒಲೆಯ ಮೇಲಿನ ಬಿಸಿ ರೊಟ್ಟಿಯೊಂದನ್ನು ಮಹಾನಂದಾಳ ಕೈಗೆ ಕೊಟ್ಟಳು. "ಹಸಿದಿರ್ತೈತಿ. ಕರಿ ಅದನ್ನ, ನೀ ಕರದ್ರ ಬರ್ತೈತಿ."

ಮಹಾನಂದಾ ಬಾಗಿಲಿಗೆ ಬಂದು ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಬೇವಿನ ಕೆಳಗೆ ಕೆಂಪಿ ಆಗಲೇ ಕಿವಿ ನಿಮಿರಿಸಿತ್ತು.

ಅವಳು ಬಾಯಿ ಮುಚ್ಚಿಕೊಂಡಳು.

"ಬ್ಯಾಡವ್ವಾ," ಎಂದಳು. "ನಾನೇ ಹೋಗ್ತೇನಿ."

ಮೆಟ್ಟಿಲಿಳಿದು ಬೇವಿನ ಮರದವರೆಗೆ ನಡೆದು ಹೋದಳು. ಮರಿಗಳಿಂದ ಸ್ವಲ್ಪ ದೂರದಲ್ಲಿ, ಮಣ್ಣಿನ ಮೇಲೆಯೇ ಕುಳಿತು ರೊಟ್ಟಿ ಮುರಿದಳು. ತುಂಡುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು, ಏನೂ ಮಾತಾಡದೆ ಕಾದಳು.