ಮುಂದಿನ ಪಂಚಮಿ

ರಾಚಪ್ಪನ ಬೆರಳಿನಿಂದ ಒಂದು ಹನಿ ರಕ್ತ ಹೀರಿಕೊಂಡು ಆಯುರ್ದರ್ಶಕ ಯಂತ್ರ ಸದ್ದಿಲ್ಲದೆ ಕೆಲಸ ಆರಂಭಿಸಿತು.

ರಕ್ತದ ಕ್ಯಾನ್ಸರ್ ಬಂದವರಲ್ಲಿ ಕೆಲವು ಪ್ರೋಟೀನುಗಳು ಏರುತ್ತವೆ, ಕೆಲವು ಇಳಿಯುತ್ತವೆ. ಈ ‘ಸೂಚಕ ಪ್ರೋಟೀನು’ಗಳನ್ನು ಅಳೆದು, ಕಾಯಿಲೆ ರೋಗಿಯನ್ನು ಎಷ್ಟು ಕಾಲ ಬದುಕಗೊಡುತ್ತದೆಂದು ಯಂತ್ರ ಹೇಳುತ್ತಿತ್ತು. ಅದನ್ನು ರೂಪಿಸಲು ಡಾ. ಮಂದಾಕಿನಿ ತನ್ನ ಯೌವನವನ್ನೇ ಸವೆಸಿದ್ದಳು.

ಹುಬ್ಬಳ್ಳಿಯ ಆ ವಾರ್ಡಿನಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ರೈಲು ಓಡಿಸಿ ನಿವೃತ್ತನಾದ ರಾಚಪ್ಪ ಒಂಟಿ ಜೀವ. ಆದರೂ ಅವನಿಗೆ ರಕ್ತದ ಕ್ಯಾನ್ಸರ್ ಎಂಬ ಸುದ್ದಿ ಕೇಳಿ ನೆಂಟರೆಲ್ಲ ಬಂದಿದ್ದರು. ತಂಗಿ ನೀಲವ್ವನೂ ಗದಗಿನಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಹೊಲದ ಪಾಲಿಗಾಗಿ ಜಗಳವಾದ ಮೇಲೆ ಅವನು ಅವಳನ್ನು ನಾಗರ ಪಂಚಮಿಗೆ ತವರಿಗೆ ಕರೆಯಲು ಹೋಗುವುದನ್ನೇ ಬಿಟ್ಟಿದ್ದ. ಈಗಲೂ ಮಾತಿಲ್ಲ, ಅವಳು ರೊಟ್ಟಿ ಮುರಿದು ಕೈಗಿಡುತ್ತಿದ್ದಳು, ಅವನು ತಿನ್ನುತ್ತಿದ್ದ.

“ಎಂಟು ವರ್ಷ,” ಎಂದಳು ಮಂದಾಕಿನಿ, ಹೆಮ್ಮೆಯಿಂದ.

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಸಂಜೆಯ ಗಾಡಿಗೆ ಒಬ್ಬೊಬ್ಬರೇ ಹೊರಟರು. ನೀಲವ್ವನೂ ಬುತ್ತಿಯ ಬಟ್ಟೆ ಮಡಚಿಕೊಂಡಳು. ಇನ್ನು ಅವಸರವೇನಿತ್ತು?

ನೆಂಟರೆಲ್ಲ ಹೋದ ಮೇಲೆ ರಾಚಪ್ಪ ಕೇಳಿದ: “ಮೇಡಂ, ಅದನ್ನ ಒಂದೀಟು ಕಮ್ಮಿ ಮಾಡಿ ಹೇಳಾಕ ಬರ್ತದೇನ್ರಿ? ಆರು ತಿಂಗಳು ಅಂದ್ರ ಸಾಕು.”

“ಯಾಕೆ? ಒಳ್ಳೆಯ ಸುದ್ದಿಯಲ್ಲವೇ?”

“ಒಳ್ಳೇದ ಐತ್ರಿ. ಆದ್ರ ನೀಲವ್ವ ಇನ್ನೊಂದೆರಡು ದಿನ ಇದ್ದಿದ್ರ ಮಾತಾಡ್ತಿದ್ಲು.”

“ಯಂತ್ರ ಹೇಳಿದ್ದನ್ನು ನಾನು ತಿದ್ದಲಾರೆ. ಪಂಚಮಿಗೆ ನೀವೇ ಹೋಗಿ ಕರೆಯಿರಿ.”

“ತಪ್ಪು ನಂದ ಐತ್ರಿ. ಯಾವ ಮಾರಿ ಹೊತ್ಕೊಂಡು ಹೋಗ್ಲಿ?”

ಮಂದಾಕಿನಿ ನಕ್ಕು ಮುಂದಿನ ರೋಗಿಯತ್ತ ನಡೆದಳು.

ಪಂಚಮಿ ಹತ್ತಿರವಾದಾಗ ಅವನಿಗೆ ಜ್ವರ ಬಂತು. ಇಂಥ ಕಾಯಿಲೆಯವರಿಗೆ ಸಣ್ಣ ಜ್ವರವೂ ದೊಡ್ಡದೇ. ಎಂಟು ವರ್ಷವನ್ನು ಅವನೂ ನಂಬಿದ್ದನೋ ಏನೋ, ಆಸ್ಪತ್ರೆಗೆ ತಡವಾಗಿ ಬಂದ, ಬೆಳಗಾಗುವುದರೊಳಗೆ ತೀರಿಹೋದ. ಕೊನೆಯದಾಗಿ ತೆಗೆದಿದ್ದ ರಕ್ತವನ್ನು ಮಂದಾಕಿನಿ ಯಂತ್ರಕ್ಕೆ ಹಾಕಿ ನೋಡಿದಳು. ಅದು ಆಗಲೂ ಎಂಟು ವರ್ಷವೆಂದೇ ತೋರಿಸಿತು. ಕ್ಯಾನ್ಸರಿನ ಮಟ್ಟಿಗೆ ಅದರ ಲೆಕ್ಕ ಸರಿಯಾಗಿಯೇ ಇತ್ತು. ಅವಳು ಯಂತ್ರವನ್ನು ಆರಿಸಿಬಿಟ್ಟಳು.

ಜ್ವರದ ಸುದ್ದಿ ತಿಳಿದು ಹೊರಟಿದ್ದ ನೀಲವ್ವ ಬಂದಾಗ ಮಧ್ಯಾಹ್ನವಾಗಿತ್ತು. ಕೈಯಲ್ಲಿ ಬುತ್ತಿಯಿತ್ತು.

“ನೀವ ಎಂಟು ವರ್ಷ ಅಂದಿದ್ರಲ್ರಿ,” ಎಂದಳು ಮಂದಾಕಿನಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಈ ಪಂಚಮಿಗೆ ಕರಿಯಾಕ ಬರದಿದ್ರ ಮುಂದಿನ ಪಂಚಮಿಗೆ ಬರ್ತಾನ ಅಂತ ಸುಮ್ಮನಿದ್ದೆ.”

ನೀಲವ್ವ ಅಣ್ಣನ ಪಕ್ಕದಲ್ಲಿ ಕುಳಿತು, ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ಇಷ್ಟು ವರ್ಷ ಆಡದೆ ಉಳಿದ ಮಾತುಗಳನ್ನು ಮೆಲ್ಲಗೆ ಆಡತೊಡಗಿದಳು.