ಹದಿನೇಳನೆಯ ಹೆಸರು

"ನಿಮ್ಮ ಮ್ಯಾಕ್ರೋ ಒಬ್ಬರನ್ನ ನುಂಗ್ಬಿಟ್ಟಿದೆ," ಎಂದು ಅವಳು ಪ್ರೂಫಿನ ಕಟ್ಟನ್ನು ಅವನ ಮೇಜಿನ ಮೇಲಿಟ್ಟಳು.

ಪಕ್ಷಿಕೋಶಕ್ಕೆ ಬರೆದವರು ನಲವತ್ತೆರಡು ಮಂದಿ. ಕೊನೆಯಲ್ಲಿ ಒಬ್ಬೊಬ್ಬರಿಗೂ ಫೋಟೋ ಸಮೇತ ಒಂದು ಪುಟ. ಹೆಸರುಗಳ ಪಟ್ಟಿ ಹಿಡಿದು, ಅಲ್ಪವಿರಾಮದಿಂದ ಅಲ್ಪವಿರಾಮಕ್ಕೆ ಸಾಗುತ್ತ, ಸಿಕ್ಕ ಹೆಸರಿಗೆ ಪುಟ ಕಟ್ಟಿ ಮುಂದಿನದನ್ನು ಎತ್ತಿಕೊಳ್ಳುವ ಈ ಮ್ಯಾಕ್ರೋ, ಕಂಪ್ಯೂಟರಿನ ಪುಟ್ಟದೊಂದು ಲೂಪ್, ಅವನು ಬರೆದದ್ದು. ಅಚ್ಚುಮನೆಗೆಲ್ಲ ಅವನು ಮ್ಯಾಕ್ರೋ ಸಾರ್. ಪುಟವಿನ್ಯಾಸ ಅವಳದು.

ಪ್ರೂಫ್ ತಿದ್ದುವ ಅಕ್ಕನ ಪ್ರತಿಯಲ್ಲಿ ನಲವತ್ತೆರಡು ಪುಟ. ಇವಳ ಪ್ರತಿಯಲ್ಲಿ ನಲವತ್ತೊಂದು.

"ಯಾರು ಬಿಟ್ಟುಹೋಗಿದ್ದು, ನೋಡಿದ್ರಾ?" ಎಂದ ಅವನು.

"ಇಲ್ಲ. ಎಣಿಸಿದೆ, ಅಷ್ಟೆ."

ಎರಡು ವರ್ಷದಿಂದ ಅವಳು ಎಣಿಸುತ್ತಲೇ ಇದ್ದಳು. ಮೆಟ್ಟಿಲುಗಳನ್ನು, ಭಾನುವಾರಗಳನ್ನು.

ಅವನ ಕಿವಿ ಕೆಂಪಾಯಿತು. "ನಾನು ಸರಿಮಾಡ್ತೀನಿ, ಬಿಡಿ."

"ಏನ್ ಸಾರ್," ಎಂದಳು ಅಕ್ಕ ತಲೆಯೆತ್ತದೆ, "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತಲ್ಲ!"

ಅವಳು ತನ್ನ ಮೇಜಿಗೆ ಮರಳಿ ತಾನೇ ಫೈಲ್ ತೆರೆದಳು. ಲೂಪಿನೊಳಗೆ ಎರಡು ಸಾಲು ಹೆಚ್ಚಿಗೆ ಇದ್ದವು: ಈ ಮೆಷಿನ್‌ನಲ್ಲಿ ಹದಿನೇಳನೆಯ ಹೆಸರು ಬಂದರೆ, ಪುಟ ಕಟ್ಟದೆ ಮುಂದೆ ಹೋಗು.

ಹದಿನೇಳನೆಯದು ಅವಳ ಗಂಡನ ಹೆಸರು. ಕೊಕ್ಕರೆಗಳ ಬಗ್ಗೆ ಬರೆದುಕೊಟ್ಟು, ಪುಸ್ತಕ ಬರುವ ಮೊದಲೇ, ಎರಡು ವರ್ಷದ ಹಿಂದೆ, ತೀರಿಹೋದವನು. ಆ ಪುಟ ಬಂದೀತೆಂದೇ ಅವಳು ಪ್ರತಿ ಸಲ ಅಂಚುಗಳನ್ನಷ್ಟೇ ನೋಡುತ್ತಿದ್ದಳು, ಮುಖಗಳನ್ನಲ್ಲ.

"ಅಚ್ಚಾಗೋವಾಗ ಇರ್ತಾರೆ," ಎಂದ ಅವನು ಮೆಲ್ಲಗೆ. "ದಿನಕ್ಕೆ ಹತ್ತು ಸಲ ರನ್ ಮಾಡ್ತೀರಿ. ಹತ್ತು ಸಲವೂ ಅವರ ಫೋಟೋ ಎದುರಿಗೆ ಬರೋದು ಬೇಡ ಅನ್ನಿಸ್ತು."

"ನಿಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ. ಪುಟ ತಿರುಗಿಸೋವಾಗ ನೀವು ಉಸಿರು ಹಿಡ್ಕೊಳ್ತೀರಿ. ನನ್ನ ಮೇಜಿನಿಂದ ಕಾಣ್ಸತ್ತೆ."

"ಅಷ್ಟೊಂದು ನೋಡ್ತೀರಾ?"

"ನೋಡ್ತೀನಿ. ನೋಡ್ಬಾರ್ದು ಅಂತಾನೇ ಊಟಕ್ಕೆ ಆ ಮೂಲೆಗೆ ಹೋಗೋದು."

ಈಗ ಅವನು ನೆಲ ನೋಡುತ್ತಿದ್ದ. ಅಕ್ಕನ ಪೆನ್ಸಿಲ್ ನಿಂತಿತ್ತು.

ಅವಳು ಎರಡೂ ಸಾಲುಗಳನ್ನು ಅಳಿಸಿ, ರನ್ ಮಾಡಿದಳು.

ಹದಿನೈದು. ಹದಿನಾರು. ಹದಿನೇಳು: ಕೊರಳಲ್ಲಿ ದುರ್ಬೀನು, ಅರ್ಧ ಮುಚ್ಚಿದ ಕಣ್ಣು, ಅದೇ ನಗು. ಅವಳಿಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಲೂಪ್ ಗಂಡನ ಬಳಿ ನಿಲ್ಲಲಿಲ್ಲ, ಅವಸರವನ್ನೂ ಮಾಡಲಿಲ್ಲ. ಎಲ್ಲರಿಗೂ ಕೊಟ್ಟಷ್ಟೇ ಜಾಗ ಕೊಟ್ಟು ಹದಿನೆಂಟನೆಯವರನ್ನು ಎತ್ತಿಕೊಂಡಿತು.

ಬೆರಳುಗಳು ತಣ್ಣಗಿವೆ ಎಂಬುದು ಆಗ ತಿಳಿಯಿತು. ಎಷ್ಟು ದಿನದಿಂದ ಹೀಗಿದ್ದವೋ.

"ಇನ್ಮೇಲೆ ನನ್ನನ್ನ ಕೇಳ್ದೆ ಯಾರನ್ನೂ ಬಿಡ್ಬೇಡಿ."

"ಇಲ್ಲ."

ಗಂಟೆ ಒಂದಾಯಿತು. ಅವನು ಡಬ್ಬಿ ಎತ್ತಿಕೊಂಡು ಎಂದಿನಂತೆ ಮೂಲೆಯ ಕಡೆ ಹೊರಟ.

"ಅಲ್ಲಿ ಬೆಳಕಿಲ್ಲ," ಎಂದಳು ಅವಳು.

ಅವಳ ಪಕ್ಕದ ಕುರ್ಚಿಯ ಮೇಲೆ ಎರಡು ವರ್ಷದ ಹಳೆಯ ಪ್ರೂಫುಗಳಿದ್ದವು. ಅವಳು ಅವನ್ನೆತ್ತಿ ನೆಲದ ಮೇಲಿಟ್ಟಳು.