ಹನ್ನೆರಡು ಎಸಳು

ಮಾರ್ಚ್ ೧೨, ಮಂಗಳವಾರ, ಬೆಳಗ್ಗೆ ೯.೪೦. ಬ್ರೆಡಾ ಠಾಣೆಗೆ ದೂರು ಕೊಟ್ಟವರು ಸಸ್ಯಚಿತ್ರ ಸಂಗ್ರಹಾಲಯದ ಮೇಲ್ವಿಚಾರಕಿ ಕ್ಲಾಸಿನಾ. ಮುನ್ನೂರು ವರ್ಷದ ಹಿಂದೆ ಸನ್ಯಾಸಿನಿಯೊಬ್ಬಳು ಬರೆದ ಯೇಸುವಿನ ಯಾತನೆಯ ಹೆಸರು ಹೊತ್ತ ಪ್ಯಾಶನ್ ಹೂವಿನ ಚಿತ್ರ ಕಳುವಾಗಿ, ಅದರ ಜಾಗದಲ್ಲಿ ನಕಲು ಕೂತಿತ್ತು. ಇನ್ಸ್‌ಪೆಕ್ಟರ್ ಮಾರಿಟ್ ಎಫ್ಐಆರ್ ದಾಖಲಿಸಿ, ಪೇದೆ ಟೈಸ್‌ನ ಜೊತೆ ಸೈಕಲ್ ಹತ್ತಿದರು.

೧೧ಕ್ಕೆ ಪಂಚನಾಮೆ. ಬೀಗ ಮುರಿದಿರಲಿಲ್ಲ.

"ನಕಲು ಅಂತ ಹೇಗೆ ಗೊತ್ತಾಯ್ತು?"

"ಎಸಳು ಎಣಿಸಿ ಮೇಡಂ. ನಿಜವಾದ ಹೂವಿಗಿರೋದು ಹತ್ತೇ. ಆ ತಾಯಿ ಯೇಸುವಿನ ಶಿಷ್ಯರ ಲೆಕ್ಕಕ್ಕೆ ಹನ್ನೆರಡು ಬರೆದಿದ್ದಳು. ಇದರಲ್ಲಿ ಹತ್ತೇ ಇದೆ."

ಟೈಸ್ ನಕ್ಕ. "ಕಳ್ಳನಲ್ಲ, ಸಸ್ಯಶಾಸ್ತ್ರದ ಮೇಷ್ಟ್ರು!"

ಮಾರಿಟ್ ನಗಲಿಲ್ಲ. "ಇಲ್ಲಿ ಗಿಡ ನೋಡಿ ಚಿತ್ರ ಬರೆಯೋರು ಯಾರಿದ್ದಾರೆ?"

"ಲ್ಯಾಂಬರ್ಟ್ ಇದ್ರು. ನಲವತ್ತು ವರ್ಷ ಬರೆದು ನಿವೃತ್ತರಾದ್ರು. ಈಗಲೂ ಬಂದು ಹೋಗ್ತಾರೆ, ಪಾಪ... ಅಯ್ಯೋ ದೇವರೇ!"

ಮಧ್ಯಾಹ್ನ ೨.೧೫, ಲ್ಯಾಂಬರ್ಟ್ ಮನೆ. ಲ್ಯಾಂಬರ್ಟ್ ಕಾಫಿ ಕೊಟ್ಟ, ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದ.

"ಚಿತ್ರ ಎಲ್ಲಿ?"

"ನಮ್ಮಕ್ಕನ ಹತ್ರ."

"ನಕಲಿಗೆ ಹತ್ತೇ ಎಸಳು ಯಾಕೆ ಬರೆದ್ರಿ?"

ಮುದುಕ ಬೆಚ್ಚಿದ. "ಹತ್ತಾ? ಹನ್ನೆರಡು ಅಂದ್ಕೊಂಡೇ ಕೂತಿದ್ದೆನಲ್ಲ! ನಲವತ್ತು ವರ್ಷದ ರೂಢಿ, ಹಾಳು ಕೈ!"

ಅಕ್ಕ ಅಲೈಡಾ ಆ ಚಿತ್ರ ಹುಟ್ಟಿದ ಮಠದ ಕೊನೆಯ ಸನ್ಯಾಸಿನಿ. ಅರವತ್ತು ವರ್ಷ ಆ ಚಿತ್ರದ ಮುಂದೆ, ಎಸಳಿಗೊಂದರಂತೆ ಪ್ರಾರ್ಥನೆ ಹೇಳಿದವಳು. ಮಠ ಮುಚ್ಚಿದ ಮೇಲೆ ಚಿತ್ರ ಸಂಗ್ರಹಾಲಯದ ಪಾಲಾಯಿತು.

"ಒಂದು ತಿಂಗಳು ಕೊಡಿ ಅಂತ ಸಂಗ್ರಹಾಲಯಕ್ಕೆ ಮೂರು ಸಲ ಬರೆದೆ. ಬೆಳಕು ಬಿದ್ರೆ ಹಾಳಾಗುತ್ತೆ ಅಂದ್ರು. ಅಕ್ಕನಿಗೆ ಇನ್ನು ಎರಡೇ ದಿನ ಅಂತ ಡಾಕ್ಟರು ಅಂದಿದ್ದಾರೆ ಮೇಡಂ. ಅಲ್ಲೀವರೆಗೆ ಬಿಡಿ, ಆಮೇಲೆ ನನ್ನ ಎಳ್ಕೊಂಡು ಹೋಗಿ."

ಮಾರಿಟ್ ಹೊರಗೆ ಹೋಗಿ ಸರ್ಕಾರಿ ವಕೀಲರಿಗೆ ಫೋನ್ ಮಾಡಿದರು. ಇವತ್ತೇ ಜಪ್ತಿ ಮಾಡಿ ಎಂದರು ವಕೀಲರು. ನಕಲನ್ನಾದರೂ ಆ ಅಕ್ಕನ ಮುಂದೆ ತೂಗುಹಾಕಬಹುದೇ ಎಂದು ಮಾರಿಟ್ ಕೇಳಿದರು. ಅದೂ ಸಾಕ್ಷ್ಯವಂತೆ. ಇನ್ನು ಮಾಡುವುದೇನಿತ್ತು?

ಸಂಜೆ ೪.೩೦, ಶುಶ್ರೂಷಾಲಯ. ಲ್ಯಾಂಬರ್ಟ್ ಪಕ್ಕದಲ್ಲಿ ನಿಂತಿರುವಾಗಲೇ ಮಾರಿಟ್ ತಾವೇ ಗೋಡೆಯಿಂದ ಚಿತ್ರ ಇಳಿಸಿದರು. ಹಾಸಿಗೆಯಲ್ಲಿದ್ದ ಅಲೈಡಾಳ, ಎಸಳು ಎಣಿಸುತ್ತಿದ್ದ ಬೆರಳು ಗಾಳಿಯಲ್ಲೇ ನಿಂತಿತು.

"ಲ್ಯಾಂಬರ್ಟ್, ಯಾಕೋ ತೆಗೆದೆ? ಏಳನೇ ಎಸಳಲ್ಲಿದ್ದೆ ಕಣೋ. ಇನ್ನೂ ಐದಿತ್ತು."

"ಧೂಳು ಒರೆಸೋಕೆ ಅಕ್ಕಾ. ಈಗ ತಂದ್ಬಿಡ್ತೀನಿ."

ಮಾರಿಟ್ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿದರು. ಐದು ಗಂಟೆಗೆ ಲ್ಯಾಂಬರ್ಟ್‌ನ ಬಂಧನವಾಯಿತು.

ಗುರುವಾರ ಬೆಳಗ್ಗೆ ೬.೧೦ಕ್ಕೆ ಅಲೈಡಾ ತೀರಿಕೊಂಡಳು. ವರದಿಯಲ್ಲಿ ಅಪರಾಧದ ಕಾರಣ ಎಂಬಲ್ಲಿ ಮಾರಿಟ್ ಹೀಗೆ ಬರೆದರು: ಆರೋಪಿಯ ಅಕ್ಕನಿಗೆ ಹನ್ನೆರಡು ಎಸಳು ಬೇಕಾಗಿತ್ತು. ಚಿತ್ರ ಮತ್ತೆ ಕತ್ತಲ ಡ್ರಾಯರು ಸೇರಿದೆ. ಅದಕ್ಕೆ ಯಾವ ಹಾನಿಯೂ ಆಗಿಲ್ಲ.